ರೊಟ್ಟಿ ಬಡಿಯಾಕ ಬರತೈತೇನವಾ?

ಹೆಣ್ಣುಮಗಳು ಪದಕ ಗೆದ್ದಾಗ ಸುದ್ದಿ ಬರೆಯುವಷ್ಟು ಸಸಾರದ ಕೆಲಸ ಇನ್ನೊಂದಿಲ್ಲ. ಆಟ ನೋಡಬೇಕಾಗಿಲ್ಲ. ಅಪ್ಪನಿಗೆ ಎಷ್ಟು ಎಕರೆ ಹೊಲ, ಅದು ಎರಿಯೋ ಮಸಾರಿಯೋ, ಮಗಳು ಗೆದ್ದಳೆಂದು ಫೋನು ಬಂದಾಗ ಅವ್ವ ಎಲ್ಲಿ ಕೂತು ಅತ್ತಳು, ಕನ್ಯಾ ನೋಡಲು ಯಾರಾದರೂ ಬಂದು ಹೋಗಿದ್ದಾರೋ ಹೇಗೆ, ಇಷ್ಟು ವಿಚಾರಿಸಿಕೊಂಡರೆ ಮುಕ್ಕಾಲು ಕಾಲಂ ತುಂಬಿತು. ಉಳಿದ ಕಾಲು ಭಾಗಕ್ಕೆ ‘ಗಂಡುಮಕ್ಕಳಿಗಿಂತ ನಾನೇನು ಕಡಿಮೆ’ ಎಂಬ ಮಾತು. ಅದನ್ನು ಆಕೆ ಆಡಿರಲಿ ಬಿಡಲಿ, ಆಕೆಯ ಬಾಯಿಗೆ ತುರುಕಿದರೆ ಆಯಿತು. ಪಂದ್ಯದ ಹಿಂದಿನ ರಾತ್ರಿಯೇ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಆರಾಮಾಗಿ ಮಲಗಬಹುದು.

ಗಂಡುಮಗ ಗೆದ್ದರೆ ಪಾಪ, ಅದೇ ವರದಿಗಾರನಿಗೆ ನಿದ್ದೆ ಇಲ್ಲ. ಮಣಿಕಟ್ಟು ಹೇಗೆ ತಿರುಗಿತು, ಮೊಣಕೈ ಎಷ್ಟು ಎತ್ತರದಲ್ಲಿತ್ತು, ಏಳನೇ ಓವರಿನಲ್ಲಿ ಫೀಲ್ಡರನ್ನು ಎರಡು ಹೆಜ್ಜೆ ಹಿಂದೆ ಯಾಕೆ ಸರಿಸಿದ, ಎಲ್ಲವನ್ನೂ ನೋಡಬೇಕು, ನೋಡಿದ್ದನ್ನು ಬರೆಯಬೇಕು, ಬರೆದದ್ದಕ್ಕೆ ಬಾಣದ ಗುರುತಿನ ಚಿತ್ರ ಬೇರೆ ಹಾಕಬೇಕು. ಅವನ ಅವ್ವನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ನಮ್ಮ ಪೇಪರು ಓದಿದ ಪರದೇಶದವರು, ಈ ನಾಡಿನಲ್ಲಿ ಗಂಡು ಹೆತ್ತ ತಾಯಂದಿರಿಗೆ ಕಣ್ಣೀರೇ ಬರುವುದಿಲ್ಲ ಎಂದು ತಿಳಿದುಕೊಂಡರೆ ಅವರ ತಪ್ಪಲ್ಲ.

ನಮ್ಮ ಬಾಗಲಕೋಟೆ, ವಿಜಯಪುರ, ಗದಗ, ಬೆಳಗಾವಿ ಎಂದರೆ ಸೈಕಲ್ ರೇಸಿನ ಸೀಮೆ. ಬೆಳಗಿನ ಜಾವ ಹೆದ್ದಾರಿಗೆ ಬಂದು ನಿಂತರೆ ಹ್ಯಾಂಡಲ್ಲಿನ ಮೇಲೆ ಎದೆ ಊರಿ ಸಾಲಾಗಿ ಹೋಗುವ ಹುಡುಗರು ಹುಡುಗಿಯರು ಕಾಣುತ್ತಾರೆ. ಅಂಥ ಒಬ್ಬ ಹುಡುಗಿ ಗೆದ್ದು ಊರಿಗೆ ಬಂದಾಗ ನಡೆದ ಸಂದರ್ಶನಕ್ಕೆ ನಾನು ಪಕ್ಕದಲ್ಲೇ ನಿಂತ ಸಾಕ್ಷಿ. ವರದಿಗಾರ ನಮ್ಮ ಕಡೆಯವನೇ, ಒಳ್ಳೆಯ ಹುಡುಗ.

‘ತಂಗೀ, ರೊಟ್ಟಿ ಬಡಿಯಾಕ ಬರತೈತೇನವಾ?’

‘ಬರತೈತ್ರೀ ಅಣ್ಣಾರ.’

‘ದಿನಾ ಎಷ್ಟ ಬಡೀತಿ?’

‘ಉಣ್ಣಾವ್ರು ಎಷ್ಟ ಮಂದಿ ಅದಾರ, ಅಷ್ಟ್ರಿ.’

‘ಮತ್ತ ಮದಿವಿ?’

‘ಅಣ್ಣಾರ, ಕಡೀ ಸುತ್ತಿನ್ಯಾಗ ಹೆಂಗ ಮುಂದ ಬಂದೆ ಅಂತ ಕೇಳ್ರಲಾ. ಅಲ್ಲೀತನಕಾ ಮುಂದಿನಾಕಿ ಬೆನ್ನ ಹಿಂದ ಹತ್ತಿದ್ನಿ, ಗಾಳಿ ಎಲ್ಲಾ ಆಕೀನ ತಿಂದ್ಲು, ನನ್ನ ಕಾಲಾಗ ಕಸುವು ಉಳೀತು…’

‘ಅದಿರಲಿ ಬಿಡವಾ, ಅದು ಓದಾವ್ರಿಗೆ ತಿಳಿಯೂದಿಲ್ಲ. ಮದಿವಿ ಯಾವಾಗ?’

ಮರುದಿನದ ತಲೆಬರಹ: ‘ಸೈಕಲ್ಲಿಗೂ ಸೈ, ರೊಟ್ಟಿಗೂ ಸೈ!’

ಹುಡುಗಿ ಹೇಳಲು ಹೊರಟದ್ದು ಸೈಕಲ್ ರೇಸಿನ ಜೀವಾಳ. ಮುಂದೆ ಹೋಗುವವಳು ಗಾಳಿಯನ್ನು ಸೀಳಬೇಕು, ಬೆನ್ನು ಹತ್ತಿದವಳಿಗೆ ಅಷ್ಟು ಶ್ರಮ ಉಳಿಯುತ್ತದೆ. ಯಾರ ಬೆನ್ನಿಗೆ ಎಲ್ಲಿಯವರೆಗೆ ಅಂಟಿಕೊಳ್ಳಬೇಕು, ಯಾವ ತಿರುವಿನಲ್ಲಿ ಸಿಡಿದು ಹೊರಬರಬೇಕು ಎಂಬುದೇ ಆಟ. ಗಂಟೆಗೆ ನಲವತ್ತು ಕಿಲೋಮೀಟರಿನ ಓಟದಲ್ಲಿ ಉಸಿರು ಕಟ್ಟಿಕೊಂಡು ಮಾಡುವ ಲೆಕ್ಕ. ‘ಓದಾವ್ರಿಗೆ ತಿಳಿಯೂದಿಲ್ಲ’ ಎಂದ ಆ ತಮ್ಮ, ಅದೇ ದಿನ ಗೆದ್ದ ಹುಡುಗನ ಹತ್ತಿರ ಹೋಗಿ ಗೇರು, ಟೈರು, ಗಾಳಿಯ ಒತ್ತಡ ಎಲ್ಲ ಕೇಳಿ ಬರೆದುಕೊಂಡ. ಅದು ಓದುವವರಿಗೆ ತಿಳಿಯುತ್ತದಂತೆ. ಆ ಹುಡುಗನಿಗೆ ಚಹಾ ಕಾಸಲು ಬರುತ್ತದೆಯೇ ಎಂದು ಸಹ ಕೇಳಲಿಲ್ಲ. ಕೇಳಿದ್ದರೆ ನಿಜಕ್ಕೂ ಸುದ್ದಿಯಾಗುತ್ತಿತ್ತು, ಯಾಕೆಂದರೆ ಬರುವುದಿಲ್ಲ.

ಆಮೇಲೆ ಸನ್ಮಾನ. ನಮ್ಮ ಸೀಮೆಯ ಸನ್ಮಾನಕ್ಕೆ ಬಡತನವಿಲ್ಲ. ಪಕ್ಕದಲ್ಲೇ ಇಳಕಲ್ ಇದೆ, ಟೋಪು ತೆನೆಯ ಸೀರೆ ಇದೆ, ಗುಳೇದಗುಡ್ಡದ ಖಣ ಇದೆ. ಸೀರೆ ಕೊಟ್ಟರು, ಖಣ ಕೊಟ್ಟರು, ಅರಿಷಿಣ ಕುಂಕುಮವನ್ನೂ ಹಚ್ಚಿದರು. ಒಳ್ಳೆಯ ರೇಸ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಎರಡು ಟೈರು ಕೊಟ್ಟಿದ್ದರೂ ಆಕೆ ಹಿಗ್ಗುತ್ತಿದ್ದಳು. ಆದರೆ ಟೈರು ಹಿಡಿದು ನಿಂತರೆ ಫೋಟೋ ಚೆಂದ ಬರುವುದಿಲ್ಲವಲ್ಲ.

ನಮ್ಮ ಹುನಗುಂದದ ಬಸ್‌ಸ್ಟ್ಯಾಂಡ್ ಕಡೆಯ ಚಾದಂಗಡಿಯಲ್ಲಿ ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ಬೆಂಚು ಬೆಂಚಿಗೆ ಹಂಚುವ ಪದ್ಧತಿ. ಆಟದ ಪುಟಕ್ಕೆ ಯಾವಾಗಲೂ ಎರಡು ಕೈ ಹೆಚ್ಚು. ನಿವೃತ್ತ ಮಾಸ್ತರರೊಬ್ಬರು ಒಮ್ಮೆ ಎಲ್ಲರಿಗೂ ಪರೀಕ್ಷೆ ಇಟ್ಟರು. ‘2017ರ ವರ್ಲ್ಡ್ ಕಪ್ಪಿನ್ಯಾಗ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಏನ ಮಾಡಿದ್ರು, ಹೇಳ್ರಿ ನೋಡೂಣು?’

‘ಕಾರ್ ಬ್ಯಾಡ ಅಂದ್ರು!’ ಒಂದು ಬೆಂಚಿನಿಂದ ತಟ್ಟನೆ ಉತ್ತರ.

‘ಮನಿ ಕೊಡ್ರಿ ಅಂದ್ರು!’ ಇನ್ನೊಂದು ಬೆಂಚು.

‘ತಂದೀನ ಕಳಕೊಂಡಿದ್ರು, ಮನಿ ಜವಾಬ್ದಾರಿ ಎಲ್ಲಾ ಅವರ ಮ್ಯಾಲ ಇತ್ರೀ…’

ಎಲ್ಲವೂ ನಿಜ. ಸಚಿವರೊಬ್ಬರು ಕಾರು ಕೊಡಲು ಮುಂದಾದಾಗ, ಕಾರಿಗಿಂತ ಮನೆ ಬೇಕೆಂದು ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಮಾಸ್ತರರು ಚಹಾದ ಬಟ್ಟಲು ಕೆಳಗಿಟ್ಟು, ‘ಚೆಂಡು ಒಗದದ್ದು ಯಾರರ ನೋಡೀರೇನು?’ ಎಂದರು. ಅಂಗಡಿ ಗಪ್‌ಚಿಪ್. ನ್ಯೂಜಿಲೆಂಡ್ ಮೇಲೆ ಜುಲೈ 15ರಂದು ಡರ್ಬಿಯಲ್ಲಿ ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ಆ ಟೂರ್ನಿಯಲ್ಲಿ ಅದುವರೆಗೆ ಆಡದೆ ಹೊರಗೆ ಕೂತಿದ್ದ ರಾಜೇಶ್ವರಿಯವರನ್ನು ಅಂದು ಇಳಿಸಿದರು. ಮಿಥಾಲಿ ರಾಜ್ 109 ಹೊಡೆದರು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿನಲ್ಲಿ 70 ಚಚ್ಚಿದರು, 265 ಆಯಿತು. ಆಮೇಲೆ ರಾಜೇಶ್ವರಿ ಎಡಗೈ ಸ್ಪಿನ್ ಹಾಕಿ 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ. ಕೃಷ್ಣಾ ಹೊಳೆ ದಾಟಿದರೆ ಸಿಗುವ ಊರಿನ ಹೆಣ್ಣುಮಗಳು ಮಾಡಿದ ಈ ಪರಾಕ್ರಮದಲ್ಲಿ ನಮ್ಮ ಬೆಂಚುಗಳಿಗೆ ಉಳಿದದ್ದು ಒಂದು ಕಾರು, ಒಂದು ಮನೆ. ಅದೇ ಬೆಂಚುಗಳು, ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದನ್ನು ಒಂದೊಂದಾಗಿ, ಯಾರು ಎಲ್ಲಿ ಕ್ಯಾಚ್ ಹಿಡಿದರೆಂಬುದರ ಸಮೇತ ಒಪ್ಪಿಸುತ್ತವೆ. ಕುಂಬ್ಳೆಗೆ ಆಗ ಸ್ವಂತ ಮನೆ ಇತ್ತೋ ಬಾಡಿಗೆಯದೋ, ಒಬ್ಬರಿಗೂ ಗೊತ್ತಿಲ್ಲ.

ಆರ್‌ಸಿಬಿಯ ಕತೆ ಇನ್ನೂ ರುಚಿ. ‘ಈ ಸಲ ಕಪ್ ನಮ್ದೇ’ ಎಂದು ಗಂಡಸರ ತಂಡ ವರ್ಷ ವರ್ಷ ನಮ್ಮ ಗಂಟಲು ಹರಿಸುತ್ತಿದ್ದಾಗ, ಹೆಣ್ಣುಮಕ್ಕಳು ತಮ್ಮ ಎರಡನೆಯ ಹಂಗಾಮಿಗೇ ಕಪ್ ಎತ್ತಿದರು. 2024ರ ಮಾರ್ಚ್ 17, ದೆಹಲಿಯ ವಿರುದ್ಧ ಫೈನಲ್. ವಿಕೆಟ್ ಹೋಗದೆ 64 ಇದ್ದ ದೆಹಲಿ 113ಕ್ಕೆ ಪೂರಾ ಉದುರಿತು. ನಮ್ಮ ಶ್ರೇಯಾಂಕಾ ಪಾಟೀಲ ಕಿತ್ತದ್ದು 12 ರನ್ನಿಗೆ 4. ಆ ವಾರ ಚಾದಂಗಡಿಯಲ್ಲಿ ಏನು ಚರ್ಚೆ? ವಿರಾಟ್ ಕೊಹ್ಲಿ ವಿಡಿಯೋ ಕಾಲ್ ಮಾಡಿದರಂತೆ! ಶ್ರೇಯಾಂಕಾ ಹೆಸರು ಕೊಹ್ಲಿಗೆ ಗೊತ್ತಿತ್ತಂತೆ! ಗೆದ್ದವರು ಹನ್ನೊಂದು ಮಂದಿ ಮೈದಾನದಲ್ಲಿದ್ದರೂ ಸುದ್ದಿ ಮಾತ್ರ ಫೋನಿನೊಳಗಿದ್ದ ಒಬ್ಬರದು. ಮುಂದಿನ ವರ್ಷ ಜೂನ್ 3ರಂದು ಗಂಡಸರು ಅಹಮದಾಬಾದಿನಲ್ಲಿ ಪಂಜಾಬನ್ನು ಸೋಲಿಸಿದಾಗ, ‘ಕಡೀಗೂ ಆರ್‌ಸಿಬಿಗೆ ಮೊದಲನೇ ಕಪ್!’ ಎಂದು ನಮ್ಮ ಚಾದಂಗಡಿ ಕಾಕಾ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಪುಕ್ಕಟೆ ಚಹಾ ಕುಡಿಯುವಾಗ ‘ಕಾಕಾ, ಹಿಂದಿನ ವರ್ಷದ್ದು ಏನು ಚರಿಗೆಯೇ?’ ಎಂದು ಕೇಳುವುದು ಸಭ್ಯತೆಯಲ್ಲ; ಸುಮ್ಮನೆ ಕುಡಿದೆ.

ಇದು ಹುನಗುಂದದವರ ಜಡ್ಡು ಎಂದುಕೊಂಡು ನಗಬೇಡಿ, ಕಡಲಾಚೆಯೂ ಇದೇ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಂಡಿ ಮರ್ರೆ ಟೆನಿಸ್ ಚಿನ್ನ ಗೆದ್ದಾಗ ಬಿಬಿಸಿಯವರು, ಎರಡು ಒಲಿಂಪಿಕ್ ಟೆನಿಸ್ ಚಿನ್ನ ಗೆದ್ದ ಮೊದಲಿಗರು ನೀವು ಎಂದರು. ಆ ಪುಣ್ಯಾತ್ಮ ಅಲ್ಲೇ ತಡೆದು, ವೀನಸ್ ಮತ್ತು ಸೆರೆನಾ ನಾಲ್ಕು ನಾಲ್ಕು ಗೆದ್ದಿದ್ದಾರಲ್ಲ ಎಂದ. ಅದೇ ರಿಯೊದಲ್ಲಿ ಅಮೆರಿಕದ ಕೋರಿ ಕಾಗ್ಡೆಲ್ ಬಂದೂಕು ಹಿಡಿದು ಕಂಚು ಗೆದ್ದಳು. ಬೀಜಿಂಗಿನಲ್ಲೂ ಗೆದ್ದವಳು, ಹೊಸಬಳೇನಲ್ಲ. ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆ ಟ್ವಿಟರಿನಲ್ಲಿ ಸಾರಿದ್ದು ಬೇರ್ಸ್ ಫುಟ್‌ಬಾಲ್ ತಂಡದ ಆಟಗಾರನ ಹೆಂಡತಿಗೆ ಕಂಚು ಎಂದು. ಆಕೆಯ ಹೆಸರೇ ಇಲ್ಲ! ಗಂಡ ಆ ಹೊತ್ತಿಗೆ ರಿಯೊದಲ್ಲೂ ಇರಲಿಲ್ಲ.

ನಮ್ಮಲ್ಲಿ ಲೆಕ್ಕ ಇನ್ನೂ ಚೊಕ್ಕ. 2015ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಸಿಡ್ನಿಯಲ್ಲಿ ಕೊಹ್ಲಿ 1 ರನ್ನಿಗೆ ಔಟಾದಾಗ ದೇಶವೆಲ್ಲ ಬೈದದ್ದು ಯಾರನ್ನು? ಪ್ರೇಕ್ಷಕರ ನಡುವೆ ಕೂತಿದ್ದ ಅನುಷ್ಕಾ ಶರ್ಮಾರನ್ನು. ಅಂದರೆ ಹೆಂಗಸು ಗೆದ್ದರೆ ಹೆಸರು ಗಂಡನದು, ಗಂಡಸು ಸೋತರೆ ಕೆಟ್ಟ ಹೆಸರು ಹೆಂಗಸಿನದು. ಇಷ್ಟು ಕರಾರುವಾಕ್ಕಾದ ಲೆಕ್ಕ ನಮ್ಮ ಪಂಚಾಯಿತಿಯ ಖಾತೆ ಪುಸ್ತಕದಲ್ಲೂ ಸಿಗುವುದಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದವರು ರಿಯೊ ಒಲಿಂಪಿಕ್ಸಿನ ವರ್ಷವೇ ಪೇಪರು, ಜಾಲತಾಣ ಎಲ್ಲ ಜಾಲಾಡಿ, ಕ್ರೀಡಾಪಟುಗಳ ಬಗ್ಗೆ ಯಾವ ಮಾತು ಹೆಚ್ಚು ಬಳಕೆಯಲ್ಲಿದೆ ಎಂದು ನೋಡಿದ್ದರು. ಗಂಡಸರ ಸುತ್ತ ವೇಗ, ಬಲ, ಹಿರಿಮೆಯ ಮಾತುಗಳು. ಹೆಂಗಸರ ಸುತ್ತ ವಯಸ್ಸು, ಬಸಿರು, ಮದುವೆಯಾಗಿದೆ, ಆಗಿಲ್ಲ. ನಮ್ಮ ಓಣಿಯ ಅಜ್ಜಿಗೆ ಇದನ್ನು ಹೇಳಿದೆ. ‘ಅದಕ್ಕ ಅಷ್ಟ ದೂರದಾವ್ರು ಯಾಕ ರೊಕ್ಕಾ ಕೆಡಸಿದ್ರೋ? ನಮ್ಮ ಓಣ್ಯಾಗಿನ ಮದಿವ್ಯಾಗ ಒಂದ ತಾಸ ಕುಂತಿದ್ರ ಎಲ್ಲಾ ತಿಳೀತಿತ್ತ’ ಎಂದಳು. ಈ ಅಜ್ಜಿಯ ವಿಷಯ ಮುಂದೆ ಬರುತ್ತದೆ.

ಅಪರೂಪಕ್ಕೆ ಒಬ್ಬಿಬ್ಬರು ತಿರುಗಿ ಕೇಳುತ್ತಾರೆ. 2017ರ ಅದೇ ವಿಶ್ವಕಪ್ ಶುರುವಾಗುವ ಮುಂಚೆ ಮಿಥಾಲಿ ರಾಜ್ ಅವರನ್ನು, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರೆಂದು ಕೇಳಿದಾಗ, ಇದೇ ಪ್ರಶ್ನೆಯನ್ನು ಗಂಡಸರಿಗೆ ಕೇಳುತ್ತೀರಾ ಎಂದು ಅವರು ಬಾಯಿ ಮುಚ್ಚಿಸಿದ್ದರು. ಆ ಉತ್ತರ ಜಗತ್ತೆಲ್ಲ ಓಡಾಡಿತು. ಅವರ ಕವರ್ ಡ್ರೈವ್ ಅಷ್ಟು ಓಡಾಡಲಿಲ್ಲ ಎಂಬುದು ಬೇರೆ ಮಾತು.

ಹಾಗೆ ನೋಡಿದರೆ ಗಂಡಸಿನ ಗೆಲುವನ್ನೇ ಮೆರೆಸುವ ಈ ವಿದ್ಯೆಯ ಮೂಲ ನಮ್ಮಲ್ಲೇ ಇದೆ. ಐಹೊಳೆ ನಮ್ಮ ತಾಲೂಕಿನದೇ. ಅಲ್ಲಿನ ಮೇಗುತಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಎಂಬಾತ ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಕೆತ್ತಿಸಿದ. ಯಾರನ್ನು ಸೋಲಿಸಿದ, ಎಲ್ಲಿ ಸೋಲಿಸಿದ, ಹರ್ಷವರ್ಧನನ ಗತಿ ಏನಾಯಿತು, ಎಲ್ಲ ಬಿಡಿ ಬಿಡಿಯಾಗಿ. ಕೊನೆಗೆ ತಾನು ಕಾಳಿದಾಸ ಭಾರವಿಯರಿಗೆ ಸಮ ಎಂದು ತನ್ನ ಬೆನ್ನನ್ನೂ ತಾನೇ ತಟ್ಟಿಕೊಂಡಿದ್ದಾನೆ. ಇಂದಿನ ಕಾಮೆಂಟರಿ ಪೆಟ್ಟಿಗೆಯಲ್ಲಿ ಕೂಡಿಸಿದರೂ ಸಲೀಸಾಗಿ ಹೊಂದಿಕೊಳ್ಳುವ ಮನುಷ್ಯ. ಅಲ್ಲಿಂದ ಪಟ್ಟದಕಲ್ಲಿಗೆ ಹೋಗಿ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಾಕೆ ಲೋಕಮಹಾದೇವಿ. ಎಂಟನೆಯ ಶತಮಾನದಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿಸಿದ ಹೆಣ್ಣುಮಗಳು. ಯಾಕೆ ಕಟ್ಟಿಸಿದಳು? ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ! ಬೆವರು ಈ ಕಡೆಯದು, ತಲೆಬರಹ ಆ ಕಡೆಯದು. ನ್ಯಾಯಕ್ಕೆ ಒಂದು ಮಾತು ಹೇಳಬೇಕು: ಆ ಗುಡಿಗೆ ಮೊದಲು ಆಕೆಯ ಹೆಸರಿನ ಮೇಲೆಯೇ ಲೋಕೇಶ್ವರ ಎಂದು ಹೆಸರಿತ್ತು. ಶಿಕಾಗೊ ಪತ್ರಿಕೆಗಿಂತ ಚಾಲುಕ್ಯರೇ ವಾಸಿ.

ಈಗ 2025ರ ನವೆಂಬರಿಗೆ ಬನ್ನಿ. 2ನೇ ತಾರೀಖು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಬಳಗ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ತಂದಿತು. ಒಂದು ವಾರ ಆಟದ್ದೇ ಮಾತು. ನಾನು ನಿಜಕ್ಕೂ ಬೆರಗಾಗಿದ್ದೆ. ಅಷ್ಟರಲ್ಲಿ 23ನೇ ತಾರೀಖು ಬಂತು. ಅವತ್ತು ಸಾಂಗ್ಲಿಯಲ್ಲಿ ಸ್ಮೃತಿ ಮಂಧಾನಾ ಮದುವೆ ಆಗಬೇಕಿತ್ತು. ಅವರ ತಂದೆಗೆ ಆರಾಮಿಲ್ಲದೆ ಮುಂದಕ್ಕೆ ಹೋಯಿತು. ಟಿವಿಯವರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಯಾರು ಏನಂದರು, ಯಾರು ಯಾರ ಫೋಟೋ ಅಳಿಸಿದರು ಎಂದು ದಿನಗಟ್ಟಲೆ ಪಂಚಾಂಗ. ಡಿಸೆಂಬರ್ 7ರಂದು ಅವರೇ, ಮದುವೆ ರದ್ದಾಗಿದೆ, ದಯವಿಟ್ಟು ನಮ್ಮಷ್ಟಕ್ಕೆ ನಮ್ಮನ್ನು ಬಿಡಿ ಎಂದು ಬರೆಯಬೇಕಾಯಿತು. ಆ ವಿಶ್ವಕಪ್ಪಿನಲ್ಲಿ ಅವರು ಎಷ್ಟು ರನ್ ಹೊಡೆದರೆಂದು ನಮ್ಮ ಬೆಂಚುಗಳನ್ನು ಕೇಳಬೇಡಿ. ಅರಿಷಿಣದ ದಿನ ಯಾವ ಹಾಡಿಗೆ ಕುಣಿದರೆಂದು ಕೇಳಿ, ಹೇಳುತ್ತಾರೆ.

ನಾನು ಹೇಳಬೇಕೆಂದಿದ್ದು ಅದೇ 23ನೇ ತಾರೀಖಿನ ಇನ್ನೊಂದು ಸುದ್ದಿ. ಅವತ್ತೇ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ20 ವಿಶ್ವಕಪ್ ಫೈನಲ್. ಭಾರತ ನೇಪಾಳವನ್ನು 7 ವಿಕೆಟ್ಟಿನಿಂದ ಸೋಲಿಸಿತು. ಕಪ್ ಎತ್ತಿದ ನಾಯಕಿ ನಮ್ಮ ಕರ್ನಾಟಕದ ದೀಪಿಕಾ ಟಿ.ಸಿ. ಒಳಗೆ ಗುಂಡು ತುಂಬಿದ ಪ್ಲಾಸ್ಟಿಕ್ ಚೆಂಡು ನೆಲದ ಮೇಲೆ ಉರುಳಿ ಬರುವ ಸದ್ದನ್ನೇ ಕಿವಿಯಲ್ಲಿ ಹಿಡಿದು ಬ್ಯಾಟು ಬೀಸುವ ಆಟ ಅದು. ಅದನ್ನು ವಿವರಿಸಿ ಬರೆದರೆ ಯಾರು ಓದುವುದಿಲ್ಲ ಹೇಳಿ? ನಮ್ಮ ಚಾದಂಗಡಿಯಲ್ಲಿ ಆ ವಾರ ಸಾಂಗ್ಲಿಯ ಮಂಟಪದ ಒಂದೊಂದು ಹೂವಿನ ವಿವರವೂ ಗೊತ್ತಿತ್ತು; ಕೊಲಂಬೊದ ಸುದ್ದಿ ಗೊತ್ತಿದ್ದವರು ಮಾಸ್ತರರು ಒಬ್ಬರೇ.

ಸಮಾನತೆ ಎಲ್ಲೂ ಇಲ್ಲವೇ ಎಂದರೆ, ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಗಂಡು ಹೆಣ್ಣು ಎರಡೂ ತಂಡ ಗೆದ್ದವು. ಹೆಣ್ಣುಮಕ್ಕಳ ತಂಡದಲ್ಲಿ ತಿ. ನರಸೀಪುರ ಕಡೆಯ ಚೈತ್ರಾ, ಗಂಡುಮಕ್ಕಳ ತಂಡದಲ್ಲಿ ಎಂ.ಕೆ. ಗೌತಮ್. ನೆರೆಯ ಮಹಾರಾಷ್ಟ್ರ ತನ್ನವರಿಗೆ ಕೋಟಿಯ ಮಾತಾಡಿದರೆ, ನಮ್ಮ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಎಂದಿತು. ಇಬ್ಬರೂ ಬೇಡ ಎಂದರು. ಗಂಡು ಹೆಣ್ಣೆಂಬ ಭೇದ ಒಂದು ಪೈಸೆಯಷ್ಟೂ ಇಲ್ಲದ ಅನ್ಯಾಯ. ಇಂಥ ನಿಷ್ಪಕ್ಷಪಾತ ದಿನಾ ನೋಡಲು ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹೆಣ್ಣುಮಕ್ಕಳ ಆಟವನ್ನು ಇನ್ನಷ್ಟು ಹೊಗಳಿ ಎಂದು ನಾನು ಅರ್ಜಿ ಹಾಕುತ್ತೇನೆಂದು ನೀವು ಕಾದಿರಬಹುದು. ಬೇಡ್ರೀ, ಹೊಗಳಿಕೆ ಸಾಕಾಗಿದೆ. ‘ಹೆಮ್ಮೆಯ ಮಗಳು’, ‘ನಾರಿಶಕ್ತಿ’, ‘ಛಲಗಾತಿ’ ಇವೆಲ್ಲ ಗೋದಾಮಿನಲ್ಲಿ ಮಳೆಗಾಲಕ್ಕೆ ಸಾಕಾಗುವಷ್ಟು ಬಿದ್ದಿವೆ. ನನ್ನ ಅರ್ಜಿ ಬೈಗುಳಕ್ಕೆ. ಆಟ ಕೆಟ್ಟಾಗ ಆಟವನ್ನು ಹಿಡಿದು ಬೈಯಿರಿ.

2017ರ ಜುಲೈ 23, ಲಾರ್ಡ್ಸ್, ಅದೇ ವಿಶ್ವಕಪ್ಪಿನ ಫೈನಲ್. ಗೆಲ್ಲಲು 229 ಬೇಕು. 3 ವಿಕೆಟ್ಟಿಗೆ 191 ಆಗಿತ್ತು. ಅಲ್ಲಿಂದ 28 ರನ್ನಿಗೆ 7 ವಿಕೆಟ್ ಕಳೆದುಕೊಂಡು 9 ರನ್ನಿನಿಂದ ಸೋತರು. ಗಂಡಸರು ಹೀಗೆ ಮಾಡಿದ್ದರೆ ನಮ್ಮ ಚಾದಂಗಡಿಗೆ ಆ ವಾರ ಬಾಗಿಲು ಹಾಕಬೇಕಾಗುತ್ತಿತ್ತು. 2007ರಲ್ಲಿ ಬಾಂಗ್ಲಾದೇಶಕ್ಕೆ ಸೋತದ್ದಕ್ಕೆ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆಯೇ ಜನ ಏರಿಹೋಗಿದ್ದರು. (ಮನೆ ಕೆಡವಿ ಎನ್ನುವುದಿಲ್ಲ, ಸಿಮೆಂಟಿನ ರೇಟು ನನಗೂ ಗೊತ್ತು.) ಹೆಣ್ಣುಮಕ್ಕಳು ಸೋತಾಗ ಎಲ್ಲ ಕಡೆ ಒಂದೇ ಮಾತು, ‘ಸೋತರೂ ಮನ ಗೆದ್ದರು’. ಅಷ್ಟು ಹೊತ್ತಿನಲ್ಲಿ ಆ ಹೊಡೆತ ಯಾಕೆ, ಇಲ್ಲದ ರನ್ನಿಗೆ ಓಡಿದ್ದು ಯಾಕೆ, ಯಾರೂ ಕೇಳಲಿಲ್ಲ. ಪಾಪ, ಇಲ್ಲಿಯತನಕ ಬಂದದ್ದೇ ದೊಡ್ಡದು ಎಂಬ ಧಾಟಿ. ಯಾರಿಂದ ಏನೂ ನಿರೀಕ್ಷೆ ಇಲ್ಲವೋ ಅವರನ್ನು ಬೈಯುವುದೂ ಇಲ್ಲ.

ಬೈಗುಳ ಬಂದಾಗ ಅದೂ ನೆಟ್ಟಗಿರುವುದಿಲ್ಲ. 2025ರ ಅಕ್ಟೋಬರಿನಲ್ಲಿ ವಿಶ್ವಕಪ್ಪಿನ ಲೀಗ್ ಹಂತದಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ಮೂರಕ್ಕೂ ಸಾಲಾಗಿ ಸೋತರು. ಅದರಲ್ಲೂ ಇಂದೋರಿನಲ್ಲಿ ಇಂಗ್ಲೆಂಡಿಗೆ ಸೋತದ್ದು ಕೇವಲ 4 ರನ್ನಿನಿಂದ, ಕೈಯಲ್ಲಿದ್ದ ಪಂದ್ಯ. ಬೈಯಲು ಎಷ್ಟು ಸಾಮಾನಿತ್ತು! ಮೊಬೈಲಿನ ಶೂರರು ಬೈದದ್ದು ಮಾತ್ರ, ಅಡುಗೆಮನೆಗೆ ಹೋಗಿ ಎಂದು. ಕೊನೆಯ ಓವರುಗಳಲ್ಲಿ ಕೈ ನಡುಗಿದ್ದಕ್ಕೂ ಅಡುಗೆಮನೆಗೂ ಏನು ನಂಟು? ಹೊಗಳಿದರೂ ರೊಟ್ಟಿ, ಬೈದರೂ ರೊಟ್ಟಿ.

ಬೈಗುಳ ಹೇಗಿರಬೇಕೆಂಬುದನ್ನು ನಮ್ಮ ಓಣಿಯ ಆ ಅಜ್ಜಿಯಿಂದ ಕಲಿಯಬೇಕು. ನವಿ ಮುಂಬೈಯ ಫೈನಲ್ ಮಳೆಯಿಂದ ತಡವಾಗಿ ಶುರುವಾಗಿ ನಡುರಾತ್ರಿಗೆ ಬಂದಿತ್ತು. ಮೊಮ್ಮಕ್ಕಳ ನಡುವೆ ಅಜ್ಜಿ ಎಲಿ ಅಡಿಕಿ ಚೀಲ ಬಿಚ್ಚಿಕೊಂಡು ಕೂತಿದ್ದಳು. ದಕ್ಷಿಣ ಆಫ್ರಿಕಾದ ನಾಯಕಿ ಲಾರಾ ವೊಲ್ವಾರ್ಟ್ ನೂರು ದಾಟಿ ನಿಂತಿದ್ದಾಳೆ. ದೀಪ್ತಿ ಶರ್ಮಾರ ಚೆಂಡನ್ನು ಎತ್ತಿ ಹೊಡೆದಳು. ಕೆಳಗೆ ಓಡಿ ಬಂದದ್ದು ಅಮನ್‌ಜೋತ್ ಕೌರ್. ಚೆಂಡು ಕೈಯಿಂದ ಜಾರಿತು, ಮತ್ತೆ ಜಾರಿತು, ಮೂರನೆಯ ಸಲ ಬೀಳುತ್ತಾ ಬೀಳುತ್ತಾ ಒಂದೇ ಕೈಯಲ್ಲಿ ಹಿಡಿದರು. ಮನೆಯೆಲ್ಲ ಎದ್ದು ಕುಣಿಯಿತು. ಅಜ್ಜಿ ಕುಣಿಯಲಿಲ್ಲ.

‘ಏ ಹುಡುಗೀ, ಅದೇನ ಚೆಂಡೋ ಬಿಸಿ ಹಂಚೋ? ಒಮ್ಮಿಗೇ ಹಿಡಿಯಾಕ ಏನಾಗಿತ್ತ ನಿನಗ? ನನ್ನ ಎದೀನ ನಿಂತಿತ್ತಲ್ಲೋ ಇಲ್ಲಿ!’

‘ಅಜ್ಜೀ, ಹಿಡದ್ಲಲ್ಲ, ಔಟಾತಲ್ಲ!’

‘ಔಟಾದ್ರ ಆತು. ಕಣ್ಣ ಚೆಂಡಿನ ಮ್ಯಾಲ ಇರಬೇಕ, ಕೈ ಎರಡೂ ಕೂಡಿರಬೇಕ. ಮುಂದಿನ ಸರತಿ ಕೆಳಗ ಬಿದ್ರ ಏನ ಮಾಡ್ತಾಳ?’

ಮೊಮ್ಮಗ ಮೊಬೈಲು ತಿಕ್ಕುತ್ತಾ ಅಜ್ಜಿಯನ್ನು ಕರಗಿಸಲು ನೋಡಿದ. ‘ಅಜ್ಜೀ, ಹಂಗ ಬೈಬ್ಯಾಡ. ಇಲ್ಲಿ ಬರದಾರ ನೋಡು, ಆಕಿ ಅಪ್ಪ ಬಡಿಗತನ ಮಾಡ್ತಾನಂತ, ಮೊದಲನೇ ಬ್ಯಾಟ್ ಅವನ ಕೆತ್ತಿ ಕೊಟ್ಟಿದ್ನಂತ…’

ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

‘ಅವ ಬಡಿಗ್ಯಾರ ಇರಲಿ, ದೇಸಾಯರ ಇರಲಿ, ಅದನ್ನ ತಗೊಂಡ ನಾ ಏನ ಮಾಡ್ಲಿ? ಅಪ್ಪ ಬ್ಯಾಟ್ ಕೆತ್ತಿದ್ದು ಖರೇ, ಕ್ಯಾಚ್ ಹಿಡಿಯೂದು ಆಕಿ ಕೆಲಸ. ಸರಿ ಆ ಕಡೆ, ಮುಂದಿನ ಚೆಂಡ ನೋಡೂಣು.’